ಕಂಟ್ರೋಲ್ ಯೂನಿಟ್‌ಗಳ ನಕ್ಷೆ ಕಾರಿನ ಕೈಪಿಡಿಯಲ್ಲಿರಲಿ

ಮಾನ್ಯ ಸಂಪಾದಕರೇ,

2019ರಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದ ಮೇಲೆ, ಕಡಿಮೆ ಬೆಲೆಯ ಕಾರಿನಲ್ಲೂ ನಾಲ್ಕಾರು ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್‌ಗಳು, ಅಂದರೆ ಒಂದೊಂದು ಕೆಲಸವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳು, ಇರುವುದು ಸಾಮಾನ್ಯವಾಗಿದೆ. ಆದರೆ ಅವು ಎಲ್ಲೆಲ್ಲಿವೆ ಎಂಬುದನ್ನು ಮಾಲೀಕರಿಗೆ ಕೊಡುವ ಕೈಪಿಡಿ ಸಾಮಾನ್ಯವಾಗಿ ಹೇಳುವುದಿಲ್ಲ. ಇದರಿಂದ ಗಿರಾಕಿಗಳಿಗೆ ಆಗುತ್ತಿರುವ ನಷ್ಟವನ್ನು ತುಮಕೂರಿನಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವ ನಾನು ಕಣ್ಣಾರೆ ನೋಡುತ್ತಿದ್ದೇನೆ.

ಎಬಿಎಸ್ ಯೂನಿಟ್ ಬ್ರೇಕ್ ಪೈಪುಗಳು ಬಂದು ಸೇರುವ ಹೈಡ್ರಾಲಿಕ್ ಬ್ಲಾಕಿಗೇ ಕೂಡಿಕೊಂಡಿರುವುದರಿಂದ ಬಾನೆಟ್ ತೆರೆದರೆ ಸಿಗುತ್ತದೆ. ಡಿಕ್ಕಿಯ ಹೊಡೆತವನ್ನು ಅಳೆಯಬೇಕಾದ ಏರ್‌ಬ್ಯಾಗ್ ಯೂನಿಟ್ ಹೆಚ್ಚಾಗಿ ಗೇರ್ ಲಿವರ್ ಆಸುಪಾಸಿನಲ್ಲಿ ನೆಲಕ್ಕೆ ಬಿಗಿದಿರುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಯೂನಿಟ್ (ಇಸಿಎಂ) ಮಾತ್ರ ಒಂದು ಕಾರಿನಲ್ಲಿ ಬ್ಯಾಟರಿಯ ಪಕ್ಕದಲ್ಲಿದ್ದರೆ ಇನ್ನೊಂದರಲ್ಲಿ ಗ್ಲೌ ಬಾಕ್ಸ್ ಹಿಂದೆ ಇರುತ್ತದೆ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಯಾವ ಯೂನಿಟ್ ಮಾತನಾಡುತ್ತಿಲ್ಲ ಎಂದು ತಿಳಿಯುತ್ತದೆಯೇ ಹೊರತು, ಅದು ಕೂತಿರುವ ಜಾಗ ತಿಳಿಯುವುದಿಲ್ಲ. ಹುಡುಕಲು ಡ್ಯಾಶ್‌ಬೋರ್ಡನ್ನೇ ಬಿಚ್ಚಿದರೆ ಆ ಕೂಲಿಯೂ ಗಿರಾಕಿಯ ತಲೆಗೇ ಬರುತ್ತದೆ.

ಜಾಗ ತಿಳಿಯದೆ ಯೂನಿಟ್ ಕೆಡುವುದೂ ಉಂಟು. ಮರದಡಿ ನಿಲ್ಲಿಸಿದ ಕಾರಿನಲ್ಲಿ ವೈಪರ್ ಕೆಳಗೆ ನೀರು ಹೋಗುವ ದಾರಿಗೆ ಹೊಂಗೆ ಎಲೆ ಕಟ್ಟಿಕೊಂಡರೆ, ಮಳೆನೀರು ಒಳಗಿಳಿದು ವೈರುಗಳ ಗುಂಟ ಹರಿದು, ಫ್ಯೂಸ್ ಬಾಕ್ಸ್ ಹತ್ತಿರವಿರುವ, ಬಾಗಿಲಿನ ಲಾಕ್, ದೀಪಗಳನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಯೂನಿಟ್‌ನ ಕನೆಕ್ಟರಿಗೆ ಸೇರುತ್ತದೆ. ಅಂಥದನ್ನು ಬಿಚ್ಚಿದರೆ ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ. ಬಾಗಿಲಿನ ಲಾಕ್ ಕೆಲಸ ಮಾಡುವುದಿಲ್ಲ, ದೀಪಗಳು ತಮ್ಮಷ್ಟಕ್ಕೆ ಉರಿಯುತ್ತವೆ. ವಾಟರ್ ವಾಶ್‌ನವರು ಎಂಜಿನ್ನಿಗೆ ರಭಸದ ನೀರು ಹೊಡೆಯುವುದೂ, ಬ್ಯಾಟರಿ ಕಳಚದೆ ವೆಲ್ಡಿಂಗ್ ಮಾಡುವುದೂ ಇಷ್ಟೇ ಅಪಾಯಕರ. ಕೆಟ್ಟ ಯೂನಿಟ್ಟಿನ ಜಾಗಕ್ಕೆ ಹಳೆಯದೊಂದನ್ನು ತಂದು ಹಾಕಿದರೆ ಆಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಮತ್ತೆ ಪ್ರೋಗ್ರಾಂ ಮಾಡಬೇಕು.

ಇಂಥ ನಕ್ಷೆ ಕೊಡುವುದು ಕಂಪನಿಗಳಿಗೆ ಅಸಾಧ್ಯವೇನಲ್ಲ. ಅಪಘಾತದಲ್ಲಿ ಸಿಲುಕಿದವರನ್ನು ಹೊರತೆಗೆಯುವ ಸಿಬ್ಬಂದಿಗಾಗಿ ಬ್ಯಾಟರಿ, ಏರ್‌ಬ್ಯಾಗ್ ಮತ್ತು ಅದರ ಕಂಟ್ರೋಲ್ ಯೂನಿಟ್ ಇರುವ ಜಾಗಗಳನ್ನು ತೋರಿಸುವ ಹಾಳೆಯನ್ನು ಐಎಸ್‌ಒ 17840 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಯುರೋಪಿನಲ್ಲಿ ಅವು ಪ್ರಕಟಿಸುತ್ತಲೇ ಇವೆ. ಎಲ್ಲ ಯೂನಿಟ್‌ಗಳನ್ನೂ ಗುರುತಿಸಿದ ಅಂಥದೇ ಒಂದು ಪುಟವನ್ನು ಇಲ್ಲಿನ ಕೈಪಿಡಿಯಲ್ಲಿ ಕನ್ನಡದಲ್ಲಿಯೇ ಮುದ್ರಿಸುವಂತೆ, ಬಾನೆಟ್ಟಿನ ಒಳಬದಿಗೂ ಅಂಟಿಸುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಕಂಪನಿಗಳಿಗೆ ಆದೇಶಿಸಬೇಕೆಂದು ಕೋರುತ್ತೇನೆ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್, ಶಿರಾ ಗೇಟ್, ತುಮಕೂರು