ಸೊಂಟದಲ್ಲಿ ರಿವಾಲ್ವರ್ ಇದೆ, ಕೈಗೆ ಅಭ್ಯಾಸ ಎಲ್ಲಿದೆ?

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್‌ನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕುಧಾರಿಗಳು ಪಿಸ್ತೂಲ್ ಹಿಡಿದು ನುಗ್ಗಿ ಹಣ, ಬಂಗಾರ ದೋಚಿದರು. ಅದೇ ವರ್ಷ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿತ್ತು. ಆಮೇಲೆ ನಮ್ಮ ಬಾಗಲಕೋಟೆ ಭಾಗದ ಬಂಗಾರದ ಅಂಗಡಿಯವರು, ಗುತ್ತಿಗೆದಾರರು, ಸೀಸನ್‌ನಲ್ಲಿ ಕಬ್ಬಿನ ದುಡ್ಡು ಹಿಡಿದು ಓಡಾಡುವವರು ನನ್ನನ್ನು ಕಂಡಾಗ ಕೇಳುವುದು ಇಷ್ಟೇ. ಲೈಸೆನ್ಸ್ ಹೇಗೆ ಸಿಗುತ್ತದೆ? ಯಾವ ರಿವಾಲ್ವರ್ ತಗೊಳ್ಳಲಿ? ಎಷ್ಟಾಗುತ್ತದೆ? ತಗೊಂಡ ಮೇಲೆ ಎಲ್ಲಿ ಕಲಿಯಲಿ ಎಂದು ಕೇಳುವವರು ತೀರಾ ಕಡಿಮೆ. ಅದಕ್ಕೇ ಈ ಪತ್ರ.

ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್ ಆಗಿದ್ದು ನಿವೃತ್ತನಾದವನು. ಪಡೆಯ ಬಂದೂಕುಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಇಡುವುದು ನನ್ನ ಕೆಲಸ. ಚುನಾವಣೆ ಬಂದಾಗ ಲೈಸೆನ್ಸ್‌ದಾರರು ತಮ್ಮ ಆಯುಧ ತಂದು ಒಪ್ಪಿಸಬೇಕಲ್ಲ, ಆಗ ಅವು ಖಾಲಿ ಇವೆಯೇ ಎಂದು ನೋಡಿ ತೆಗೆದಿಡುವ ಕೆಲಸಕ್ಕೂ ನನ್ನನ್ನು ಕರೆಯುತ್ತಿದ್ದರು. ಹಾಗಾಗಿ ಜನರ ಸೊಂಟದಲ್ಲಿರುವ ರಿವಾಲ್ವರ್ ನಿಜಕ್ಕೂ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಕೈಯಾರೆ ನೋಡಿದ್ದೇನೆ.

ಹೆಚ್ಚಿನವು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ಗಳು. ಮೇಲಿನ ಕೊಂಡಿ ಒತ್ತಿದರೆ ನಡುವೆ ಬಾಗಿ ತೆರೆದುಕೊಳ್ಳುತ್ತದೆ. ಆರೂ ರೌಂಡ್, ಅಂದರೆ ಗುಂಡುಗಳು, ಒಟ್ಟಿಗೆ ಮೇಲೆದ್ದು ಬರುತ್ತವೆ. ಬರಬೇಕು. ಒಮ್ಮೆ ಒಬ್ಬ ವ್ಯಾಪಾರಿ ತಂದುಕೊಟ್ಟದ್ದು ತೆರೆಯಲೇ ಇಲ್ಲ. ಮಹಾನವಮಿ ಪೂಜೆಯ ಕುಂಕುಮ ಎಣ್ಣೆಯಲ್ಲಿ ಕಲಸಿ, ಸಿಲಿಂಡರ್ (ರೌಂಡ್ ತುಂಬುವ, ತಿರುಗುವ ಭಾಗ) ಮತ್ತು ನಳಿಕೆಯ ಸಂದಿಯಲ್ಲಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿತ್ತು. ಸೀಮೆಎಣ್ಣೆ ಹಾಕಿ, ಬ್ರಶ್‌ನಿಂದ ಬಿಡಿಸಿ ತೆರೆದೆ. ಒಳಗಿನ ರೌಂಡ್‌ಗಳ ಹಿತ್ತಾಳೆ ಹಸಿರುಗಟ್ಟಿತ್ತು. ಚರ್ಮದ ಕವರ್‌ನಲ್ಲಿ, ಮೈ ಬೆವರಿನಲ್ಲಿ ವರ್ಷಗಟ್ಟಲೆ ಇದ್ದರೆ ಹಿತ್ತಾಳೆ ಹಾಗಾಗದೆ ಏನಾಗುತ್ತದೆ? ಎರಡು ರೌಂಡ್ ಚೇಂಬರ್‌ಗೆ ಕಚ್ಚಿಕೊಂಡು ಬರಲೇ ಒಲ್ಲವು. ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರ್, ಎಳೆದರೆ ಸಿಲಿಂಡರ್ ತಿರುಗುತ್ತಿರಲಿಲ್ಲ. ‘ದಿನಾ ಇದು ನನ್ನ ಜೊತೆಗೇ ಇರುತ್ತದ್ರೀ’ ಎಂದರು ಆ ಮನುಷ್ಯ, ಹೆಮ್ಮೆಯಿಂದ. ದಿನಾ ಜೊತೆಗಿದ್ದದ್ದು ಸುಮ್ನೆ ಒಂದು ಕಬ್ಬಿಣದ ತುಂಡು.

ಆಯುಧ ಪೂಜೆ ಮಾಡಬೇಡಿ ಎನ್ನುತ್ತಿಲ್ಲ. ನಾನೂ ಮಾಡುತ್ತೇನೆ. ಖಾಲಿ ಮಾಡಿ ಪೂಜೆಗೆ ಇಡಿ, ಹಿಡಿಕೆಗಷ್ಟೇ ಕುಂಕುಮ ಹಚ್ಚಿ, ಮರುದಿನ ಒರೆಸಿಬಿಡಿ.

ನಮ್ಮ ಜಿಲ್ಲೆಗೆ ಆಯುಧದ ಹಂಬಲ ಇವತ್ತಿನದಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟಿತು, ಗಲ್ಲಿಗೇರಿದರು. ಆ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಲೈಸೆನ್ಸ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಹಲಗಲಿ ಹೆಸರು ತೆಗೆಯುತ್ತಾರೆ. ಆದರೆ ಆ ಬೇಡರಿಗೆ ಬೇಟೆಯೇ ಬದುಕಾಗಿತ್ತು. ಆಯುಧ ಅವರ ಕೈಯಲ್ಲಿ ದಿನಾ ಕೆಲಸ ಮಾಡುತ್ತಿತ್ತು. ಹಕ್ಕಿನ ಮಾತಾಡುವ ನಾವು ಅಭ್ಯಾಸದ ಮಾತು ಬಿಟ್ಟರೆ ಹೇಗೆ?

ಕಾನೂನಿನಲ್ಲಿ ತರಬೇತಿ ಇಲ್ಲವೇ ಇಲ್ಲ ಎಂದಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಹೊಸದಾಗಿ ಲೈಸೆನ್ಸ್ ಕೇಳುವವರು ಸುರಕ್ಷತಾ ತರಬೇತಿ ಪಡೆದು ಎಸ್-1 ನಮೂನೆಯ ಪ್ರಮಾಣಪತ್ರ ಕೊಡಬೇಕು. ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತಾರೆ, ಒಳ್ಳೆಯ ಕೆಲಸ. ಆದರೆ ಮಲಗಿಕೊಂಡು ರೈಫಲ್‌ನಿಂದ ದೂರದ ಟಾರ್ಗೆಟ್‌ಗೆ ಹೊಡೆಯುವುದು ಬೇರೆ. ಅಂಗಿಯ ಕೆಳಗೆ ಕೈಬಂದೂಕು ಇಟ್ಟುಕೊಂಡು ಸಂತೆ, ಬಸ್ ನಿಲ್ದಾಣ, ಮದುವೆ ಮನೆ ಸುತ್ತುವುದು ಬೇರೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಐದು ವರ್ಷ ಮುಟ್ಟದ ಕೈ ಮೊದಲ ದಿನದ ಪಾಠ ನೆನಪಿಟ್ಟುಕೊಂಡಿರುತ್ತದೆಯೇ?

ದಿನಾ ಜೊತೆಗೆ ಒಯ್ಯುವವರು ಮೊದಲು ಗಮನ ಕೊಡಬೇಕಾದ್ದು ರಿವಾಲ್ವರ್ ಇಡುವ ಚೀಲಕ್ಕೆ, ಅಂದರೆ ಹೋಲ್ಸ್‌ಟರ್‌ಗೆ. ರಿವಾಲ್ವರ್‌ಗೆ ಲಕ್ಷಗಟ್ಟಲೆ ಕೊಡುವವರು ಹೋಲ್ಸ್‌ಟರ್‌ಗೆ ನೂರರ ನೋಟು ತೆಗೆಯಲೂ ಹಿಂದೆಮುಂದೆ ನೋಡುತ್ತಾರೆ. ಜುಬ್ಬಾದ ಬದಿ ಕಿಸೆಯಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ರಿವಾಲ್ವರ್ ಹಾಕಿಕೊಂಡು ಬಂದವರನ್ನು ಕಂಡಿದ್ದೇನೆ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟು ಚಹಾ ಕುಡಿಯಲು ಇಳಿಯುವವರೂ ಇದ್ದಾರೆ. ಕುದುರೆ ಇರುವ ಜಾಗವನ್ನು ಪೂರ್ತಿ ಮುಚ್ಚುವ, ದಪ್ಪ ಬೆಲ್ಟ್‌ಗೆ ಗಟ್ಟಿಯಾಗಿ ಕೂರುವ ಹೋಲ್ಸ್‌ಟರ್ ಬೇಕು. ಬಗ್ಗಿ ಚಪ್ಪಲಿ ಹಾಕಿಕೊಂಡರೂ, ಬೈಕ್ ಹತ್ತಿದರೂ ಅದು ಅಲುಗಬಾರದು. ಅದೇ 2016ರ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಹೋಲ್ಸ್‌ಟರ್ ಅಥವಾ ಅಂಥದ್ದೇ ಚೀಲದಲ್ಲಿ, ಪೂರ್ತಿ ಮುಚ್ಚಿ, ತನ್ನ ಹಿಡಿತದಲ್ಲಿ ಇಟ್ಟುಕೊಂಡೇ ಒಯ್ಯಬೇಕು. ಅಂಗಿಯನ್ನು ಹಿಡಿಕೆಯ ಹಿಂದೆ ಸಿಕ್ಕಿಸಿ ನಾಲ್ಕು ಮಂದಿಗೆ ಕಾಣುವ ಹಾಗೆ ನಿಲ್ಲುವುದು ಶೋಕಿ. ಕಳ್ಳನಿಗೆ ಯಾರ ಹತ್ತಿರ ಏನಿದೆ, ಮೊದಲು ಯಾರನ್ನು ಹಿಂದಿನಿಂದ ಹಿಡಿಯಬೇಕು ಎಂದು ತೋರಿಸಿಕೊಟ್ಟ ಹಾಗೆ. ಮದುವೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಕಾನೂನು ಹೇಳುತ್ತದೆ. ಅವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಇನ್ನು ತೆಗೆಯುವ ಅಭ್ಯಾಸ. ಇದನ್ನು ಮನೆಯಲ್ಲೇ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ. ಎಲ್ಲ ರೌಂಡ್ ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಬನ್ನಿ. ತೆರೆದು ಆರೂ ಚೇಂಬರ್‌ಗೆ ಬೆರಳಾಡಿಸಿ ನೋಡಿ, ಕಣ್ಣೊಂದನ್ನೇ ನಂಬಬೇಡಿ. ಆಚೆ ಯಾರೂ ಇಲ್ಲದ ಗಟ್ಟಿ ಗೋಡೆ ಕಡೆ ನಿಲ್ಲಿ. ಎಡಗೈ ಅಂಗಿಯನ್ನು ಎದೆವರೆಗೆ ಎತ್ತಬೇಕು. ರಿವಾಲ್ವರ್ ಹೋಲ್ಸ್‌ಟರ್‌ನೊಳಗೆ ಇರುವಾಗಲೇ ಬಲಗೈ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಬೇಕು, ತೆಗೆದ ಮೇಲೆ ಹಿಡಿತ ಬದಲಿಸಲು ಸಮಯ ಸಿಗುವುದಿಲ್ಲ. ನೇರ ಮೇಲೆತ್ತಿ. ತೋರುಬೆರಳು ಕುದುರೆಯ ಹೊರಗೆ, ಚೌಕಟ್ಟಿನ ಮೇಲೆ ಉದ್ದಕ್ಕೆ ಇರಲಿ. ಗುರಿ ಕಟ್ಟುವವರೆಗೆ ಬೆರಳು ಒಳಗೆ ಬರಬಾರದು. ವಾಪಸ್ ಇಡುವಾಗ ಅವಸರ ಬೇಡವೇ ಬೇಡ. ಅಂಗಿಯ ಅಂಚು ಸಿಕ್ಕಿಕೊಂಡು ಕುದುರೆ ಎಳೆದು ತಮ್ಮ ತೊಡೆಗೇ ಗುಂಡು ಹೊಡೆದುಕೊಳ್ಳುವುದು ಹೀಗೆ ವಾಪಸ್ ಇಡುವಾಗಲೇ ಜಾಸ್ತಿ. ನಿಧಾನಕ್ಕೆ ಮಾಡಿ, ಸರಿಯಾಗಿ ಮಾಡಿ. ವೇಗ ತಾನೇ ಬರುತ್ತದೆ. ಕುದುರೆ ಎಳೆಯುವ ಅಭ್ಯಾಸಕ್ಕೆ ಡಮ್ಮಿ ರೌಂಡ್ (ಮದ್ದಿಲ್ಲದ ನಕಲಿ ಗುಂಡು) ಹಾಕಿಕೊಳ್ಳಿ. ಈ ರಿವಾಲ್ವರ್‌ಗಳ ಕುದುರೆ ಭಾರ. ಜಗ್ಗಿ ಎಳೆದರೆ ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುತ್ತದೆ. ಗಿಜಿಗುಡುವ ಪೇಟೆಯಲ್ಲಿ ಕೆಳಗೆ ಎಡಕ್ಕೆ ಯಾರ ಮಗು ನಿಂತಿರುತ್ತದೋ!

ಎಷ್ಟು ಹೊತ್ತು ಸಿಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಎಂಬವರು 1983ರಲ್ಲಿ ಇದರ ಬಗ್ಗೆ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಮೈಮೇಲೆ ಬರುತ್ತಾನೆ. ತರಬೇತಿ ಇದ್ದವನಿಗೂ ತೆಗೆದು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. 21 ಅಡಿ ಎಂದರೆ ಎರಡು ಕಾರು ಸಾಲಾಗಿ ನಿಲ್ಲಿಸಿದಷ್ಟೂ ಇಲ್ಲ. ನಮ್ಮ ಬನಹಟ್ಟಿ, ಇಳಕಲ್, ಗುಳೇದಗುಡ್ಡದ ಅಂಗಡಿ ಓಣಿಗಳಲ್ಲಿ ಆಪತ್ತು ಬಂದರೆ ಅದಕ್ಕಿಂತ ಹತ್ತಿರದಿಂದಲೇ ಬರುತ್ತದೆ. ಅಂದರೆ ರಿವಾಲ್ವರ್‌ಗಿಂತ ಮೊದಲು ಕೆಲಸ ಮಾಡಬೇಕಾದ್ದು ಕಣ್ಣು, ಕಾಲು ಮತ್ತು ಮೊದಲೇ ಮಾಡಿಟ್ಟ ಯೋಜನೆ.

ರಾತ್ರಿ ಬಂಗಾರದ ಅಂಗಡಿ ಮುಚ್ಚುವುದನ್ನು ನಿಂತು ನೋಡಿ. ಮಾಲೀಕರು ಬಲಗೈಯಲ್ಲಿ ಹಣದ ಚೀಲ ಹಿಡಿದು, ಶಟರ್ ಎಳೆದು, ರಸ್ತೆಗೆ ಬೆನ್ನು ಹಾಕಿ, ಕುಕ್ಕರಗಾಲಲ್ಲಿ ಕೂತು ಬೀಗ ಹಾಕುತ್ತಾರೆ. ಕೊರಳು ಬಗ್ಗಿದೆ, ಎರಡೂ ಕೈ ಕೆಲಸದಲ್ಲಿವೆ. ಆ ಹೊತ್ತಿನಲ್ಲಿ ಸೊಂಟದ ರಿವಾಲ್ವರ್ ಇದ್ದೂ ಇಲ್ಲದ ಹಾಗೆ ಅಲ್ವಾ? ಬೀಗ ಹಾಕುವವನು ಒಬ್ಬ, ರಸ್ತೆ ನೋಡುವವನು ಇನ್ನೊಬ್ಬ ಇರಲಿ. ಆಯುಧ ಇದ್ದವನೇ ರಸ್ತೆ ನೋಡಲಿ. ಚೀಲ ಎಡಗೈಯಲ್ಲಿರಲಿ. ಶಟರ್ ಎಳೆಯುವ ಮೊದಲು ಎದುರಿಗೆ ಹೊತ್ತುಗೊತ್ತಿಲ್ಲದೆ ನಿಂತ ಬೈಕ್ ಇದೆಯಾ ನೋಡಿ. ಇದ್ದರೆ ಒಳಗೇ ಇದ್ದು 112ಕ್ಕೆ ಫೋನ್ ಮಾಡಿ. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಮನೆಗೆ ಹೋಗಬೇಡಿ. ಬರೀ ಹಣ ಕೇಳಿದರೆ, ಜೀವಕ್ಕೆ ಕೈ ಹಾಕದಿದ್ದರೆ, ಚೀಲ ಒಂದು ಕಡೆ ಎಸೆದು ನೀವು ಇನ್ನೊಂದು ಕಡೆ ಸರಿಯಿರಿ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹಾಗಿದ್ದರೆ ರಿವಾಲ್ವರ್ ಯಾಕೆ ಎನ್ನುತ್ತಾರೆ. ಬೇರೆ ದಾರಿಯೇ ಉಳಿಯದ ಹೊತ್ತಿಗೆ ಅದು.

ಕಾನೂನೂ ಹಾಗೇ ಹೇಳುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನವು. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಜೀವ ಹೋಗುವ ಅಥವಾ ಭಾರಿ ಗಾಯವಾಗುವ ನಿಜವಾದ ಭಯ ಇದ್ದಾಗ, ದರೋಡೆಕೋರ ಮೈಮೇಲೆ ಬಿದ್ದಾಗ ಕಾನೂನು ನಿಮ್ಮ ಬೆನ್ನಿಗಿದೆ. ಚೀಲ ಹಿಡಿದು ಬೆನ್ನು ತಿರುಗಿಸಿ ಓಡುವವನಿಗೆ ಹೊಡೆದರೆ ಆರೋಪಿ ಸ್ಥಾನದಲ್ಲಿ ನೀವೇ ನಿಲ್ಲಬೇಕಾಗಬಹುದು. ಈ ವ್ಯತ್ಯಾಸವನ್ನು ಒಂದೂವರೆ ಸೆಕೆಂಡಿನಲ್ಲಿ ಯೋಚಿಸಿ ತೀರ್ಮಾನಿಸಲು ಆಗದು. ಮೊದಲೇ ಮನಸ್ಸಿನಲ್ಲಿ ಗಟ್ಟಿ ಆಗಿರಬೇಕು.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ಲೈಸೆನ್ಸ್ ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ, ಓದಿ. ಕರ್ನಾಟಕಕ್ಕೆ ಮಾತ್ರ ಇದ್ದರೆ, ಕಾಗವಾಡ ದಾಟಿ ಮೀರಜ್ ಆಸ್ಪತ್ರೆಗೆ ಹೊರಟಾಗ ಅಥವಾ ಧೂಳಖೇಡದ ಹತ್ತಿರ ಭೀಮಾ ದಾಟಿ ಸೊಲ್ಲಾಪುರಕ್ಕೆ ಹೊರಟಾಗ ಅದನ್ನು ಮನೆಯಲ್ಲಿ ಬೀಗ ಹಾಕಿ ಇಟ್ಟು ಹೋಗಬೇಕು. ಬನಶಂಕರಿ ಜಾತ್ರೆಯ ನೂಕುನುಗ್ಗಲಿಗೂ ಬೇಡ. ಒಂದು ಗುಟುಕು ಕುಡಿಯುವ ಕಾರ್ಯಕ್ರಮ ಇದ್ದರಂತೂ ಮುಟ್ಟಲೇಬಾರದು. ಭೀಮಾ ತೀರದ ಕಂಟ್ರಿ ಪಿಸ್ತೂಲ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಒಂದೇ: ಅದು ಜೈಲಿನ ದಾರಿ, ಜೊತೆಗೆ ಹಿಡಿದವನ ಕೈಯಲ್ಲೇ ಸಿಡಿಯಬಹುದು.

ಜಿಲ್ಲಾಧಿಕಾರಿಗಳಲ್ಲಿ ಮತ್ತು ಎಸ್‌ಪಿ ಅವರಲ್ಲಿ ನನ್ನ ಮನವಿ ಇಷ್ಟು. ಆತ್ಮರಕ್ಷಣೆಗೆಂದು ಕೈಬಂದೂಕು ಪಡೆದವರ ನವೀಕರಣದ ಅರ್ಜಿ ಬಂದಾಗ ಒಂದು ದಿನ ಅವರನ್ನು ಫೈರಿಂಗ್ ರೇಂಜ್‌ಗೆ ಕರೆಸಿ. ಖಾಲಿ ಮಾಡಲು, ತುಂಬಲು, ಹೋಲ್ಸ್‌ಟರ್‌ನಿಂದ ತೆಗೆಯಲು, ಐದು ಗಜ ದೂರದಿಂದ ಹೊಡೆಯಲು ಬರುತ್ತದಾ ನೋಡಿ. ಬಾರದಿದ್ದರೆ ಕಲಿಸಿ, ಮತ್ತೆ ಕರೆಸಿ. ವರ್ಷಕ್ಕೊಮ್ಮೆಯಾದರೂ ಶುಲ್ಕ ತಗೊಂಡು ಲೈಸೆನ್ಸ್‌ದಾರರಿಗೆ ರೇಂಜ್ ತೆರೆದಿಡಿ. ಗುರಿ ಅಭ್ಯಾಸ ಮಾಡಬೇಕೆಂದರೂ ನಮ್ಮಲ್ಲಿ ಸಾಮಾನ್ಯರಿಗೆ ಜಾಗ ಎಲ್ಲಿದೆ? ಹೊಲದಲ್ಲಿ ಹಾರಿಸಿದರೆ ಕೇಸ್ ಆಗುತ್ತದೆ, ಆಗಬೇಕು ಕೂಡ. ಆ ದಿನ ಮನೆಯಾಕೆಯನ್ನೂ ಕರೆಯಿರಿ. ಗಂಡ ಸ್ನಾನಕ್ಕೆ ಹೋದಾಗ ಕಪಾಟಿನ ಮೇಲೆ ಬಿಟ್ಟ ರಿವಾಲ್ವರ್ ಮಗುವಿಗೆ ಸಿಗದ ಹಾಗೆ ನೋಡಿಕೊಳ್ಳುವವಳು ಅವಳೇ. ಅದನ್ನು ಖಾಲಿ ಮಾಡುವುದು ಅವಳಿಗೆ ಗೊತ್ತಿರಬೇಕಲ್ಲ.

ಕಲಿಸುವವರ ಕೊರತೆ ಇಲ್ಲ. ಇಲಾಖೆಯಿಂದ, ಸೈನ್ಯದಿಂದ ನಿವೃತ್ತರಾದವರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಬೇಕಾದಷ್ಟು ಇದ್ದಾರೆ. ಕರೆದರೆ ನಾನೂ ಬರುತ್ತೇನೆ, ಗೌರವಧನ ಬೇಡ. ಒಂದೇ ಕೋರಿಕೆ. ಬರುವವರು ಟ್ರ್ಯಾಕ್ ಸೂಟ್ ಹಾಕಿಕೊಂಡು ಬರುವುದು ಬೇಡ. ಅಂಗಡಿಗೆ ದಿನಾ ಹಾಕುವ ಅಂಗಿ, ಅದೇ ಬೆಲ್ಟ್, ಅದೇ ಹೋಲ್ಸ್‌ಟರ್‌ನಲ್ಲಿ ಬರಲಿ. ಧೋತರ ಉಡುವವರು ಧೋತರದಲ್ಲೇ ಬರಲಿ. ರಾತ್ರಿ ಮನೆಗೆ ಒಯ್ಯುವ ಚೀಲವನ್ನೂ ತರಲಿ, ಒಳಗೆ ಹಳೇ ಪೇಪರ್ ತುಂಬಿದ್ದರೆ ಸಾಕು.

– ನಿವೃತ್ತ ಆರ್ಮರರ್, ನವನಗರ, ಬಾಗಲಕೋಟೆ