ತೋಟಾ ಲೆಕ್ಕದಲ್ಲಿ ಬಿಟ್ಟುಹೋದ ಸಾಲುಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಬೇಟೆಗಾರರು ಮನೆಯಲ್ಲೇ ರೈಫಲ್ ತೋಟಾ ತುಂಬಿಕೊಳ್ಳುವ ಬಗ್ಗೆ ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಅಂಗಡಿಯ ತೋಟಾಕ್ಕೆ ಕೊಡುವ ದುಡ್ಡಿನ ಅರ್ಧದಲ್ಲಿ ಮನೆಯ ತೋಟಾ ತಯಾರು ಎಂಬುದು ಅದರ ಸಾರ. ನಾನು ಮಡಿಕೇರಿ ತಾಲ್ಲೂಕಿನವನು, ಟೆಕ್ಸಾಸಿನಲ್ಲಿ ನೆಲೆಸಿದ್ದೇನೆ. ನನ್ನ ಗ್ಯಾರೇಜಿನ ಬೆಂಚಿಗೆ ತೋಟಾ ತುಂಬುವ ಯಂತ್ರ, ಅಂದರೆ ಒಂದು ಪ್ರೆಸ್ಸು, ಬೋಲ್ಟು ಹಾಕಿಸಿಕೊಂಡು ಕೂತು ಒಂಬತ್ತು ವರ್ಷವಾಯಿತು. ಅಂದಿನಿಂದ ಇಂದಿನವರೆಗಿನ ರಸೀದಿಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ನಿಮ್ಮ ಬರಹ ಓದಿದ ಮೇಲೆ ಅವನ್ನೆಲ್ಲ ಸುರಿದುಕೊಂಡು ಕೂಡಿಸಿದೆ.

ತೋಟಾದಲ್ಲಿ ಇರುವುದು ನಾಲ್ಕೇ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕೂರುವ ಕೇಪು (ಇಲ್ಲಿನವರ ಬಾಯಲ್ಲಿ ಪ್ರೈಮರ್), ಒಳಗೆ ಮದ್ದು, ಮೂತಿಯಲ್ಲಿ ಗುಂಡು. ಹೊಡೆದ ಮೇಲೆ ಕೈಗೆ ವಾಪಸ್ ಬರುವುದು ಕೇಸು ಮಾತ್ರ. ಉಳಿತಾಯವೇನಾದರೂ ಇದ್ದರೆ ಅದರಿಂದಲೇ.

ಗುರಿಸ್ಪರ್ಧೆಗೆ ಬಳಸುವ ಒಳ್ಳೆಯ ದರ್ಜೆಯ .308 ಅಳತೆಯ ರೈಫಲ್ ತೋಟಾ ನೋಡಿ. ಗುಂಡಿಗೆ ಸುಮಾರು 50 ಸೆಂಟ್, ಕೇಪಿಗೆ 9. ಮದ್ದು ಪೌಂಡಿಗೆ 50 ಡಾಲರ್ ಆಸುಪಾಸು. ಒಂದು ಪೌಂಡೆಂದರೆ 7,000 ಗ್ರೇನ್, ಒಂದು ತೋಟಾ ಸುಮಾರು 43 ಗ್ರೇನ್ ನುಂಗುತ್ತದೆ, ಅಂದರೆ 31 ಸೆಂಟ್. ಒಂದು ಡಾಲರಿನ ಕೇಸು ಎಂಟು ಸಲ ಬಾಳಿಕೆ ಬಂದರೆ ಸಲಕ್ಕೆ 12 ಸೆಂಟ್. ಒಟ್ಟು ಒಂದು ಡಾಲರಿನ ಮೇಲೆ ಎರಡು ಸೆಂಟ್. ಅದೇ ಗುಣಮಟ್ಟದ್ದು ಅಂಗಡಿಯಲ್ಲಿ ಎರಡು ಡಾಲರಿನ ಹತ್ತಿರ. ನಿಮ್ಮ ಲೇಖಕರ ‘ಅರ್ಧ ಬೆಲೆ’ ಇಲ್ಲಿ ನಿಜವೇ.

ಆದರೆ ಟೆಕ್ಸಾಸಿನಲ್ಲಿ ಬಹಳ ಜನ ಹಂದಿ ಬೇಟೆಗೂ ಗುರಿಯ ಅಭ್ಯಾಸಕ್ಕೂ ಹೊಡೆಯುವುದು ಅದಕ್ಕಿಂತ ಸಣ್ಣದಾದ .223. ಅದರ ಸಾಮಾನ್ಯ ಗುಂಡು 11 ಸೆಂಟ್, ಕೇಪು 8, ಮದ್ದು 25 ಗ್ರೇನ್ ಅಂದರೆ 18 ಸೆಂಟ್. ಕೇಸನ್ನು ಶೂಟಿಂಗ್ ರೇಂಜಿನ ನೆಲದಿಂದ ಪುಕ್ಕಟೆ ಆರಿಸಿ ತಂದೆವು ಎಂದೇ ಇಟ್ಟುಕೊಳ್ಳೋಣ. 37 ಸೆಂಟ್ ಆಯಿತು. ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಕೊಂಡರೆ 50 ಸೆಂಟಿಗೆ ಸಿಗುತ್ತದೆ. ಉಳಿದದ್ದು 13 ಸೆಂಟ್. ಪ್ರೆಸ್ಸು, ಕೇಸನ್ನು ಅಳತೆಗೆ ತರುವ ಅಚ್ಚು (ಡೈ), ತಕ್ಕಡಿ, ಉದ್ದ ಅಳೆಯುವ ಕ್ಯಾಲಿಪರ್, ಕೇಸು ತೊಳೆಯುವ ಡ್ರಮ್ಮು, ಉದ್ದ ಕತ್ತರಿಸುವ ಟ್ರಿಮ್ಮರ್ ಎಲ್ಲ ಸೇರಿ ನನಗೆ 600 ಡಾಲರ್ ಆಗಿತ್ತು. ಹದಿಮೂರು ಹದಿಮೂರು ಸೆಂಟಾಗಿ ಅದು ಹುಟ್ಟಬೇಕಾದರೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ತೋಟಾ ತುಂಬಬೇಕು. ವರ್ಷಕ್ಕೆ ಇನ್ನೂರು ಹೊಡೆಯುವವನು ಇಪ್ಪತ್ತಮೂರು ವರ್ಷ ಕಾಯಬೇಕು. ನಿಮ್ಮ ಬರಹದ ಜೊತೆ ಅಚ್ಚಾದ ಖರ್ಚಿನ ಕೋಷ್ಟಕದಲ್ಲಿ ಯಂತ್ರದ ಸಾಲೇ ಇಲ್ಲ.

ಹೊತ್ತಿನ ಸಾಲೂ ಇಲ್ಲ. ನನ್ನದು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ಸು. ಕೇಸು ತೊಳೆದು, ಎಣ್ಣೆ ಸವರಿ, ಹದಕ್ಕೆ ಒತ್ತಿ, ಉದ್ದ ನೋಡಿ, ಕೇಪು ಕೂರಿಸಿ, ಮದ್ದು ತೂಗಿ, ಗುಂಡು ಇಳಿಸುವಷ್ಟರಲ್ಲಿ ಐವತ್ತು ತೋಟಾಕ್ಕೆ ಶನಿವಾರದ ಬೆಳಗ್ಗೆ ಪೂರಾ ಹೋಗುತ್ತದೆ. ನನಗದು ಇಷ್ಟ, ಆ ಮಾತು ಬೇರೆ. ಮೀನು ಹಿಡಿಯುವವರು ಕೂತ ಗಂಟೆಗೆ ಕೂಲಿ ಕಟ್ಟುತ್ತಾರೆಯೇ? ಆದರೆ ಅವರು ಮೀನು ಅಗ್ಗವಾಯಿತು ಎಂದು ಪತ್ರಿಕೆಯಲ್ಲಿ ಬರೆಯುವುದಿಲ್ಲ. ಇನ್ನೊಂದು ಗುಟ್ಟನ್ನು ನನ್ನ ಹೆಂಡತಿ ನನಗಿಂತ ಮೊದಲೇ ಕಂಡುಕೊಂಡಳು: ತೋಟಾ ಅಗ್ಗ ಎಂದು ಅನ್ನಿಸಿದ ದಿನದಿಂದ ನಾನು ಹೊಡೆಯುವುದು ದುಪ್ಪಟ್ಟಾಯಿತು. ವರ್ಷದ ಖರ್ಚು ಒಂದು ಡಾಲರೂ ಇಳಿಯಲಿಲ್ಲ.

ಬೆಲೆ ನಿಂತ ನೀರೂ ಅಲ್ಲ. 2019ರಲ್ಲಿ ಸಾವಿರ ಕೇಪಿನ ಡಬ್ಬಿಯನ್ನು 32 ಡಾಲರಿಗೆ ತಂದ ರಸೀದಿ ನನ್ನಲ್ಲಿದೆ. 2020ರ ಕೊರೊನಾ ವರ್ಷದಲ್ಲಿ ಜನ ಕೋವಿ ಅಂಗಡಿಗೆ ಮುಗಿಬಿದ್ದರು. ಅದೇ ವರ್ಷ ಕೋವಿ, ತೋಟಾ, ಕೇಪು ತಯಾರಿಸುವ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಕೇಪು ಕಣ್ಣಿಗೆ ಬೀಳುವುದೇ ಅಪರೂಪವಾಗಿ, ಬಿದ್ದಾಗ ಬೆಲೆ ಮೂರು ಪಟ್ಟಾಗಿತ್ತು. ಈಗ ಇಳಿದಿದೆ, ಹಳೆಯ ಮಟ್ಟಕ್ಕಲ್ಲ. ಮದ್ದಿನದ್ದು ಇನ್ನೊಂದು ಗೋಳು. ಹೊಗೆಯಿಲ್ಲದ ಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸನ್ನು ಹತ್ತಿಬೀಜಕ್ಕೆ ಅಂಟಿ ಉಳಿಯುವ ಮೋಟು ನಾರಿನಿಂದ ಮಾಡುತ್ತಾರೆ. ಫಿರಂಗಿಯ ಮದ್ದಿಗೂ ಅದೇ ಬೇಕು, ಯುಕ್ರೇನ್ ಯುದ್ಧ ಶುರುವಾದ ಮೇಲೆ ಅದಕ್ಕೆ ಬೇಡಿಕೆ ಏರಿತು. ಸೈನ್ಯದ ಮುಂದೆ ಹಂದಿ ಹೊಡೆಯುವವನ ಸರದಿ ಕೊನೆಗೇ. ಆನ್‌ಲೈನಿನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಸಾಗಣೆ ಶುಲ್ಕ ಬೇರೆ ಬೀಳುತ್ತದೆ. ಅದು ಗಿಟ್ಟಬೇಕೆಂದರೆ ಒಟ್ಟಿಗೇ ಹೆಚ್ಚು ತರಿಸಬೇಕು. ಆದರೆ ಮನೆಯಲ್ಲಿಡುವುದಕ್ಕೂ ಕಟ್ಟುಪಾಡಿದೆ: ಇಲ್ಲಿ ಹಲವೆಡೆ ಅನುಸರಿಸುವ ಅಗ್ನಿಸುರಕ್ಷಾ ಸಂಹಿತೆಯಂತೆ 20 ಪೌಂಡ್ ಮೀರಿದ ಮದ್ದಿಗೆ ದಪ್ಪ ಮರದ ಪೆಟ್ಟಿಗೆ ಬೇಕು, ಕೇಪು 10,000 ಮೀರುವಂತಿಲ್ಲ.

ಅಂಗಡಿಯ ತೋಟಾದ ಬೆಲೆಯಲ್ಲಿ ಅಡಗಿರುವ ಒಂದು ಬಾಬ್ತನ್ನೂ ಹೇಳಬೇಕು. ಇಲ್ಲಿ ತಯಾರಕರು ತೋಟಾದ ಮೇಲೆ ಶೇ 11 ಸುಂಕ ಕಟ್ಟುತ್ತಾರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ಆ ಹಣ ರಾಜ್ಯಗಳಿಗೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೊಂಡ ದಿನ ದುಡ್ಡೆಲ್ಲ ಪೋಲಾಯಿತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಮನೆಯಲ್ಲಿ ತುಂಬುವುದು ಯಾರಿಗೆ ಗಿಟ್ಟುತ್ತದೆ? ದೂರದ ಗುರಿಯ ಸ್ಪರ್ಧೆಗಳಿಗೆ ಹೋಗುವವರಿಗೆ, ಒಂದೊಂದು ತೋಟಾಕ್ಕೆ ಮೂರು ನಾಲ್ಕು ಡಾಲರ್ ಕೊಡಬೇಕಾದ ದೊಡ್ಡ ಮ್ಯಾಗ್ನಮ್ ರೈಫಲುಗಳವರಿಗೆ, ಅಜ್ಜನ ಕಾಲದ ರೈಫಲಿಗೆ ಅಂಗಡಿಯಲ್ಲಿ ತೋಟಾವೇ ಸಿಗದವರಿಗೆ. ತನ್ನ ನಳಿಗೆಗೆ ಯಾವ ಹದ ಒಗ್ಗುತ್ತದೆಂದು ಹುಡುಕುವವರಿಗೂ ಹೌದು, ಆದರೆ ಅದು ಉಳಿತಾಯವಲ್ಲ, ಗೀಳು. ನನ್ನನ್ನೂ ಅದರಲ್ಲೇ ಸೇರಿಸಿಕೊಳ್ಳಿ.

ಕೊನೆಗೆ, ‘ನಮ್ಮ ಕೊಡಗಿನವರೂ ಯೋಚಿಸಬಹುದು’ ಎಂದು ಬರಹದಲ್ಲಿದ್ದ ಒಂದು ಸಾಲು. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಇಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ, ತುಂಬಿ ಮಾರುವ ವ್ಯಾಪಾರಕ್ಕೆ ಬೇಕು. ಭಾರತದಲ್ಲಿ ಹಾಗಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯಿದೆಯ 3 ಮತ್ತು 4ನೇ ಕಲಂಗಳದ್ದು, ಅಂದರೆ ಕೋವಿ, ಮದ್ದುಗುಂಡು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತಯಾರಿಕೆಯ ಮಾತು ಬರುವುದು 5ನೇ ಕಲಂನಲ್ಲಿ, ಅದು ಈ ವಿನಾಯಿತಿಯಲ್ಲಿಲ್ಲ. ಅಮೆರಿಕದ ಲೆಕ್ಕ ನೋಡಿ ಯಾರಾದರೂ ಹುಡುಗರು ಪ್ರೆಸ್ಸು ತರಿಸಿಕೊಂಡರೆ ಪೊಲೀಸ್ ಠಾಣೆಗೆ ಅಲೆಯುವವರು ಅವರ ಅಪ್ಪಂದಿರು. ಅಲ್ಲದೆ 1972ರ ವನ್ಯಜೀವಿ ಕಾಯಿದೆಯ ನಂತರ ನಮ್ಮಲ್ಲಿ ಬೇಟೆಯೆಲ್ಲಿದೆ? ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು, ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ವರ್ಷಕ್ಕೆ ಬೆರಳೆಣಿಕೆಯ ತೋಟಾ ಹೊಡೆಯುವ ಮನೆಗೆ ಆರುನೂರು ಡಾಲರಿನ ಯಂತ್ರ ಏಕೆ?

ಆ ಕೋಷ್ಟಕವನ್ನು ಮತ್ತೆ ಅಚ್ಚು ಹಾಕುವುದಾದರೆ ದಯವಿಟ್ಟು ಯಂತ್ರಕ್ಕೊಂದು, ಹೊತ್ತಿಗೊಂದು ಸಾಲು ಸೇರಿಸಿ. ‘ಕೊಡಗಿನವರೂ’ ಎಂಬ ಸಾಲನ್ನು ಕೈಬಿಡಿ.

ಇತಿ,
ಕೊಡಗಿನ ಒಬ್ಬ ಓದುಗ
ಟೆಕ್ಸಾಸ್, ಅಮೆರಿಕ