ಮರಿ ಆಮೆ ಸಾಕಿದವರ ಗಮನಕ್ಕ

ನಮಸ್ಕಾರ್ರಿ ಎಲ್ಲರಿಗೂ. ನಿನ್ನೆ ಗುಂಪಿನಾಗ ಬಂದ ಸುಲ್ಕಾಟಾ (ಆಫ್ರಿಕಾದ ನೆಲದ ಆಮೆ) ಮರಿಯ ಫೋಟೊ ನೋಡಿ ಮನಸ್ಸು ತಡೀಲಿಲ್ಲ. ಬಟ್ಟಲದಾಗ ಅನ್ನ, ತೊಗರಿ ಬ್ಯಾಳಿ, ಬಾಳೆಹಣ್ಣು. ದಯವಿಟ್ಟು ಇವತ್ತೇ ನಿಲ್ಲಸ್ರಿ.

ಇದು ಸಹಾರಾ ಅಂಚಿನ ಹುಲ್ಲು ತಿಂದು ಬದುಕೋ ಜೀವ, 50 ವರ್ಷ ದಾಟಿ ಬಾಳ್ತದ. ಎಳೆತನದಾಗ ಚಿಪ್ಪು, ಎಲುಬು ಭರದಿಂದ ಬೆಳೀತಾವ. ಆವಾಗ ಕ್ಯಾಲ್ಸಿಯಂ ಕಡಿಮೆ ಬಿದ್ರ ಚಿಪ್ಪು ಮೆತ್ತಗಾಗಿ ಕಾಲು ಸೊಟ್ಟ ಆಗ್ತಾವ. ಒಮ್ಮೆ ಕೆಟ್ಟ ಆಕಾರ ತಿರುಗಿ ನೆಟ್ಟಗಾಗೂದಿಲ್ಲ.

ಕರಕಿ, ದಾಸವಾಳದ ಎಲೆ, ಮುಳ್ಳು ತೆಗೆದ ಪಾಪಸುಕಳ್ಳಿ ಹಾಕ್ರಿ. ಪಾಲಕ್ ದಿನಾ ಬ್ಯಾಡ, ಅದರಾಗಿನ ಆಕ್ಸಲೇಟ್ ಅನ್ನೂ ಅಂಶ ಕ್ಯಾಲ್ಸಿಯಂ ಮೈಗೆ ಹತ್ತದಂಗ ಹಿಡಿದಿಡ್ತದ. ಗ್ರಂಥಿಗಿ ಅಂಗಡಿಯ ಸಮುದ್ರ ನೊರೆ (ಕಟಲ್‌ಫಿಶ್‌ನ ಬಿಳಿ ಎಲುಬು) ಒಂದು ತುಂಡು ಕ್ಯಾಲ್ಸಿಯಂಗಾಗಿ ಇಡ್ರಿ. ಮುಂಜಾನೆಯ ನೇರ ಬಿಸಿಲು ಬೇಕೇ ಬೇಕು, ಕಿಟಕಿ ಗಾಜಿನ ಹಿಂದಿಂದು ನಡೆಯೂದಿಲ್ಲ.

ಚಿಪ್ಪು ಗುಡ್ಡದಂಗ ಏಳೂದಕ್ಕ ಬರೇ ಊಟ ಕಾರಣ ಅಲ್ಲ, ನಮ್ಮ ಕಲಬುರಗಿ ಬ್ಯಾಸಗಿಯಂಥ ಒಣ ಹವಾ ಇನ್ನೂ ದೊಡ್ಡ ಕಾರಣ. ದಿನಾ 15 ನಿಮಿಷ ಗದ್ದದ ಕೆಳಗ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರಾಗ ಕೂಡಸ್ರಿ.

ನಕ್ಷತ್ರ ಆಮೆ ಮಾತ್ರ ಮನ್ಯಾಗ ಇಡಬ್ಯಾಡ್ರಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಸುಲ್ಕಾಟಾಕ್ಕೂ ನೋಂದಣಿ ಬೇಕು. ಮರಿ ತಿನ್ನೂದು ಬಿಟ್ಟಿದ್ರ ತಡಾ ಮಾಡದೆ ಬೀದರಿನ ಪಶುವೈದ್ಯ ಕಾಲೇಜಿಗೆ ಒಯ್ರಿ.